ಹಕ್ಕಿಗಿಂತ ಮೊದಲು ಅದರ ಹಿಂದೆ ನೋಡಿ: ಮುಂಬೈಯಲ್ಲಿ ಹಕ್ಕಿ ಫೋಟೊ ತೆಗೆಯುವವರಿಗೆ

ಹಕ್ಕಿ ಫೋಟೊ ಶುರು ಮಾಡುವವರೆಲ್ಲ ಮೊದಲು ಕೇಳುವುದು ಒಂದೇ. ‘ಎಷ್ಟು ಎಂಎಂ ಲೆನ್ಸ್ ತಗೊಳ್ಳಲಿ?’ ಮಾಟುಂಗಾದಲ್ಲಿ ಕನ್ನಡದವರ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಯಾರಾದರೂ ಈ ಮಾತು ತೆಗೆಯುತ್ತಾರೆ. ಎಂಎಂ ಜಾಸ್ತಿ ಇದ್ದಷ್ಟೂ ದೂರದ ಹಕ್ಕಿ ಹತ್ತಿರ ಕಾಣುತ್ತದೆ, ಹಾಗಾಗಿ ಉತ್ತರ ಕಷ್ಟದ್ದಲ್ಲ. 300 ಎಂಎಂ ಇದ್ದರೆ ಶುರು ಮಾಡಬಹುದು, 400 ಇದ್ದರೆ ಆರಾಮ, 600 ಇದ್ದರೆ ಹೆಗಲು ನೋವು. ನಿಕಾನ್ ಪಿ900 ಥರದ, ಲೆನ್ಸ್ ಬದಲಿಸದ ಉದ್ದ ಜೂಮ್ ಕ್ಯಾಮೆರಾ ಇದ್ದರೂ ಸಾಕು.

ಆದರೆ ಫೋಟೊ ಕೆಡುವುದು ಲೆನ್ಸಿನಿಂದ ಕಡಿಮೆ, ನಿಂತ ಜಾಗದಿಂದ ಜಾಸ್ತಿ. ಹಕ್ಕಿ ಚೂಪಾಗಿ ಬಂದಿರುತ್ತದೆ, ಬಣ್ಣವೂ ಸರಿ ಇರುತ್ತದೆ. ಅದರ ತಲೆಯಿಂದ ಒಂದು ಕರೆಂಟ್ ಕಂಬ ಎದ್ದಿರುತ್ತದೆ, ಅಷ್ಟೇ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಕೂತು ಆ ಕಂಬ ಅಳಿಸುವ ಬದಲು, ಅಲ್ಲೇ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿದ್ದರೆ ಮುಗಿಯುತ್ತಿತ್ತು, ಅಲ್ವಾ? ಈ ಲೇಖನದ ಬಹುಪಾಲು ಆ ಎರಡು ಹೆಜ್ಜೆಯ ಬಗ್ಗೆ. ಸಾಫ್ಟ್‌ವೇರ್ ಮಾತು ಕೊನೆಗೆ.

ಅಲಾರಂ ಇಡುವ ಮೊದಲು ಉಬ್ಬರ ನೋಡಿ

ಮುಂಬೈಯ ನೀರು ಹಕ್ಕಿಗಳು ನಡೆಯುವುದು ಗಡಿಯಾರದ ಮೇಲಲ್ಲ, ಕಡಲಿನ ಉಬ್ಬರ ಇಳಿತದ ಮೇಲೆ. ಇಳಿತದಲ್ಲಿ ಠಾಣೆ ಖಾಡಿಯ (ಮುಂಬೈ, ನವಿ ಮುಂಬೈ ನಡುವೆ ಕಡಲು ಒಳಹೊಕ್ಕ ಜಾಗ) ಕೆಸರು ಬಯಲು ದೂರದವರೆಗೆ ತೆರೆದುಕೊಳ್ಳುತ್ತದೆ. ಫ್ಲೆಮಿಂಗೊಗಳು, ನಮ್ಮ ರಾಜಹಂಸಗಳು, ಮೇಯುತ್ತಾ ಅಲ್ಲೆಲ್ಲೋ ಹೋಗಿರುತ್ತವೆ. ನಿಮ್ಮ 600 ಎಂಎಂಗೂ ಅವು ಗುಲಾಬಿ ಚುಕ್ಕೆಗಳೇ. ಉಬ್ಬರ ಪೂರ್ತಿ ತುಂಬಿದಾಗ ಕೆಸರೇ ಮುಳುಗುತ್ತದೆ. ಆಗ ಅವು ಎದ್ದು ನವಿ ಮುಂಬೈಯ ನೆರೂಳ್, ಸೀವುಡ್ಸ್ ಕಡೆಯ ಕೆರೆಗಳಿಗೆ ಹೋಗಿ ನಿಲ್ಲುತ್ತವೆ.

ನಿಮಗೆ ಬೇಕಾದ್ದು ಇವೆರಡರ ನಡುವಿನ ಹೊತ್ತು. ನೀರು ಏರುತ್ತಾ ಬಂದಂತೆ ಮೇಯುವ ಜಾಗ ಕಿರಿದಾಗುತ್ತದೆ, ಹಕ್ಕಿಗಳು ತಾವಾಗಿ ದಡದ ಕಡೆ ಸರಿಯುತ್ತವೆ. ಪೂರ್ತಿ ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲೇ ಹೋಗಿ ಸುಮ್ನೆ ಕೂತಿರಿ. ನೀವು ಅವುಗಳ ಹತ್ತಿರ ಹೋಗಬೇಕಾಗಿಲ್ಲ, ನೀರೇ ಅವನ್ನು ನಿಮ್ಮ ಹತ್ತಿರ ತರುತ್ತದೆ.

ಮೊಬೈಲಿನಲ್ಲಿ ಉಬ್ಬರದ ಪಟ್ಟಿ ಸಿಗುತ್ತದೆ. ಒಂದು ಲೆಕ್ಕ ನೆನಪಿರಲಿ: ಉಬ್ಬರ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಈ ಭಾನುವಾರ ಸರಿ ಹೊಂದಿದ ಹೊತ್ತು ಮುಂದಿನ ಭಾನುವಾರ ಹೊಂದುವುದಿಲ್ಲ. ಎರಡು ವಾರ ಬಿಟ್ಟರೆ ಮತ್ತೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಕಾಲ ಸಾಮಾನ್ಯವಾಗಿ ನವೆಂಬರಿನಿಂದ ಮೇ ತನಕ.

ಠಾಣೆ ಖಾಡಿಯ ಒಂದು ಭಾಗ 2015ರಿಂದ ಫ್ಲೆಮಿಂಗೊ ಅಭಯಾರಣ್ಯ, 2022ರಿಂದ ರಾಮ್ಸರ್ ಪಟ್ಟಿಯ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಹೌದು. ಐರೋಲಿಯಲ್ಲಿರುವ ಅರಣ್ಯ ಇಲಾಖೆಯ ಕಡಲ ಜೀವವೈವಿಧ್ಯ ಕೇಂದ್ರದಿಂದ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ದೋಣಿ ಹೊರಡುವ ಹೊತ್ತೂ ಉಬ್ಬರದ ಮೇಲೆಯೇ. ದೋಣಿಯಲ್ಲಿ ಟ್ರೈಪಾಡ್ ತೆರೆಯಬೇಡಿ. ಎಂಜಿನ್ನಿನ ನಡುಕ ಅದರ ಕಾಲಿನಿಂದ ನೇರ ಕ್ಯಾಮೆರಾಕ್ಕೆ ಏರುತ್ತದೆ. ಮೊಣಕೈ ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿಯಿರಿ.

ಸೂರ್ಯ ಬೆನ್ನಿಗೆ, ಗಾಳಿಯೂ ಬೆನ್ನಿಗೆ

ಖಾಡಿಯ ಎರಡು ದಡಗಳು ಎದುರುಬದುರು. ಶಿವಡಿ, ಭಾಂಡೂಪ್ ಮುಂಬೈ ಕಡೆಯವು, ಪೂರ್ವಕ್ಕೆ ಮುಖ. ಐರೋಲಿ ನವಿ ಮುಂಬೈ ಕಡೆಯದು, ಪಶ್ಚಿಮಕ್ಕೆ ಮುಖ. ಶಿವಡಿಗೆ ಬೆಳಗ್ಗೆ ಹೋದರೆ ಸೂರ್ಯ ನಿಮ್ಮ ಮುಖಕ್ಕೇ ಹೊಡೆಯುತ್ತಾನೆ, ಹಕ್ಕಿಗಳೆಲ್ಲ ಕಪ್ಪು ನೆರಳು. ನೆರಳಿನ ಚಿತ್ರವೇ ಬೇಕೆಂದರೆ ಸರಿ. ಗುಲಾಬಿ ಬಣ್ಣ ಬೇಕೆಂದರೆ ಅಲ್ಲಿಗೆ ಮಧ್ಯಾಹ್ನದ ಮೇಲೆ ಹೋಗಿ, ಬೆಳಗ್ಗೆ ಐರೋಲಿ ಕಡೆ. ಕೇಳಿದರೆ ಸಣ್ಣ ವಿಷಯ ಅನಿಸುತ್ತದೆ. ಆದರೆ ಮುಂಜಾನೆ ಮೊದಲ ಲೋಕಲ್ ಹಿಡಿದು ಬಂದು ಶಿವಡಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತವರನ್ನು ಪ್ರತಿ ಚಳಿಗಾಲದಲ್ಲೂ ನೋಡುತ್ತೇನೆ. ಹಾಗೆಯೇ ಅದು ಬಂದರಿನ ಹತ್ತಿರದ ಜಾಗ. ಫಲಕ ಓದಿ, ಕಾವಲಿನವರು ಬೇಡ ಅಂದರೆ ವಾದ ಮಾಡದೆ ಹೊರಡಿ.

ಇನ್ನು ಗಾಳಿ. ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ಜೋರಾಗಿದ್ದರೆ ನಿಂತಾಗಲೂ ಮುಖ ಗಾಳಿಯ ಕಡೆಗೇ ಇರುತ್ತದೆ, ಇಲ್ಲವಾದರೆ ಪುಕ್ಕ ಕೆದರುತ್ತದೆ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬಡಿಯುತ್ತಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆ. ಮುಂಬೈಯಲ್ಲಿ ಇದೊಂದು ಅದೃಷ್ಟ. ಚಳಿಗಾಲದ ಬೆಳಗ್ಗೆ ಗಾಳಿ ಹೆಚ್ಚಾಗಿ ನೆಲದ ಕಡೆಯಿಂದ, ಅಂದರೆ ಪೂರ್ವ ಈಶಾನ್ಯದಿಂದ ಬರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಪಶ್ಚಿಮ ವಾಯವ್ಯದಿಂದ. ಸೂರ್ಯನೂ ಹಾಗೆಯೇ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಾನೆ. ಬೆಳಗ್ಗೆ ಐರೋಲಿ ದಡದಲ್ಲಿ, ಸಂಜೆ ಶಿವಡಿ ದಡದಲ್ಲಿ ಬೆಳಕು ಗಾಳಿ ಎರಡೂ ನಿಮ್ಮ ಬೆನ್ನಿಗಿರುತ್ತವೆ. ಫ್ಲೆಮಿಂಗೊ ನೀರಿನ ಮೇಲೆ ಓಡುತ್ತಾ ರೆಕ್ಕೆ ಬಿಚ್ಚುವುದು ನಿಮ್ಮ ಎದುರಿಗೇ.

ಅದಕ್ಕಾಗಿ ಹಕ್ಕಿ ಎಬ್ಬಿಸಲು ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು, ಡ್ರೋನ್ ಬಿಡುವುದು ಬೇಡ. ಹೆದರಿದ ಗುಂಪು ನಿಮಗೆ ಬೆನ್ನು ಮಾಡಿ ಹಾರುತ್ತದೆ. ಫೋಟೊ ದೃಷ್ಟಿಯಿಂದಲೂ ಅದು ದಂಡ.

ಬಿಸಿಲಿನ ವಿಷಯ ಇನ್ನೊಂದಿದೆ. ಹೊತ್ತು ಏರಿದ ಮೇಲೆ ಬಿಸಿಯಾದ ಕೆಸರಿನ ಮೇಲಿನ ಗಾಳಿ ಕುಣಿಯಲು ಶುರುವಾಗುತ್ತದೆ. ದೂರದ ಹಕ್ಕಿಯ ಗೆರೆಗಳೆಲ್ಲ ಅಲೆಅಲೆ. ಲೆನ್ಸ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ದವರಿದ್ದಾರೆ. ಲೆನ್ಸ್ ಸರಿ ಇದೆ, ಮಧ್ಯದ ಗಾಳಿ ಸರಿ ಇಲ್ಲ. ಇದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ಹತ್ತಿರದ ಹಕ್ಕಿ ನೋಡಿ, ಇಲ್ಲದಿದ್ದರೆ ಇಡ್ಲಿ ತಿನ್ನಲು ಹೋಗಿ.

ಹಿಂದೆ ಏನಿದೆ?

ವ್ಯೂಫೈಂಡರಿಗೆ ಕಣ್ಣಿಟ್ಟ ತಕ್ಷಣ ನಾವು ಹಕ್ಕಿಯನ್ನೇ ನೋಡುತ್ತೇವೆ. ಅಭ್ಯಾಸ ಮಾಡಿಕೊಳ್ಳಬೇಕಾದ್ದು ಬೇರೆ: ಹಕ್ಕಿ ಸಿಕ್ಕಿತು ಅಂದ ಕೂಡಲೇ ಚೌಕಟ್ಟಿನ ನಾಲ್ಕು ಅಂಚನ್ನೂ ಒಮ್ಮೆ ಕಣ್ಣಲ್ಲಿ ಸುತ್ತಿ. ಕೊಂಬೆಯ ತುಂಡು ಒಳಗೆ ಚಾಚಿದೆಯಾ? ಬಿಳಿ ಪ್ಲಾಸ್ಟಿಕ್ ಚೀಲ ಹೊಳೆಯುತ್ತಿದೆಯಾ? ನೀರಿನ ಗೆರೆ ಹಕ್ಕಿಯ ಕತ್ತನ್ನು ಕೊಯ್ಯುವ ಹಾಗೆ ಹೋಗಿದೆಯಾ? ಮುಂಬೈಯ ನೀರಿನಲ್ಲಿ ಚೀಲ ಇಲ್ಲದ ಜಾಗ ಹುಡುಕುವುದೇ ಒಂದು ಕೆಲಸ.

ಹಿನ್ನೆಲೆ ಮೆತ್ತಗೆ ಮಸುಕಾಗಿ ಬರಲು ದುಬಾರಿ ಲೆನ್ಸೇ ಬೇಕು ಅಂದುಕೊಳ್ಳುತ್ತಾರೆ. ಮುಖ್ಯವಾದದ್ದು ಎರಡು ದೂರ: ನಿಮ್ಮಿಂದ ಹಕ್ಕಿಗೆ ಎಷ್ಟು, ಹಕ್ಕಿಯಿಂದ ಅದರ ಹಿಂದಿನ ವಸ್ತುವಿಗೆ ಎಷ್ಟು. ಮೊದಲನೆಯದು ಕಡಿಮೆ, ಎರಡನೆಯದು ಜಾಸ್ತಿ ಇದ್ದರೆ ಸಾಧಾರಣ ಲೆನ್ಸಿನಲ್ಲೂ ಹಿನ್ನೆಲೆ ಕರಗುತ್ತದೆ.

ಭಾಂಡೂಪಿನ ಪಂಪಿಂಗ್ ಸ್ಟೇಷನ್ ಕಡೆಯ ದಾರಿಯಲ್ಲಿ ಇದನ್ನು ಸುಲಭವಾಗಿ ಪರೀಕ್ಷೆ ಮಾಡಬಹುದು. ದಾರಿ ಎತ್ತರದಲ್ಲಿದೆ, ಪಕ್ಕದ ಹೊಂಡ ತಗ್ಗಿನಲ್ಲಿದೆ. ಹೊಂಡದ ಅಂಚಿನಲ್ಲಿ ಒಂದು ಕೊಳದ ಬಕ ನಿಂತಿದೆ ಅಂದುಕೊಳ್ಳಿ. ದಾರಿ ಮೇಲೆ ನಿಂತು ತೆಗೆದರೆ ಕ್ಯಾಮೆರಾ ಕೆಳಗೆ ನೋಡುತ್ತದೆ. ಬಕದ ಹಿಂದೆ ಕಾಣುವುದು ಅದರ ಕಾಲ ಬುಡದ ಕೆಸರೇ. ಒಂದಡಿ ದೂರದ ಕೆಸರು ಮಸುಕಾಗುವುದಾದರೂ ಹೇಗೆ? ಪ್ರತಿ ಕಲ್ಲು, ಪ್ರತಿ ಎಲೆ ಸ್ಪಷ್ಟ. ಮೊದಲೇ ಮಣ್ಣಿನ ಬಣ್ಣದ ಬಕ ಅದರಲ್ಲಿ ಕಳೆದೇ ಹೋಗುತ್ತದೆ. ಈಗ ದಾರಿಯ ಅಂಚಿನಲ್ಲಿ ಕೂತುಕೊಳ್ಳಿ. ಆಗುವುದಾದರೆ ಮಲಗಿ, ಹಳೆ ಬೆಡ್‌ಶೀಟ್ ಒಂದು ಚೀಲದಲ್ಲಿರಲಿ. ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದಷ್ಟೂ ಹಿನ್ನೆಲೆ ಹಿಂದೆ ಸರಿಯುತ್ತದೆ. ಕೆಸರು ಹೋಗಿ ನೀರು, ನೀರು ಹೋಗಿ ಆಚೆ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಸಿರು. ಅದೇ ಬಕ, ಅದೇ ಲೆನ್ಸ್. ಆದರೆ ಈಗ ಅದರ ಕತ್ತಿನ ಪಟ್ಟೆಗಳು ಎಣಿಸುವ ಹಾಗೆ ಕಾಣುತ್ತವೆ.

ಕೆಳಗೆ ಕೂರುವುದರಲ್ಲಿ ಇನ್ನೊಂದು ಲಾಭ, ಹಕ್ಕಿಗೆ ನೀವು ಚಿಕ್ಕವರಾಗಿ ಕಾಣುತ್ತೀರಿ. ಬೇಗ ನಂಬುತ್ತದೆ. ಆದರೆ ದಾರಿ ಬಿಟ್ಟು ಕಾಂಡ್ಲಾ ಕೆಸರಿಗೆ ಇಳಿಯಬೇಡಿ. ಮೊಣಕಾಲ ತನಕ ಹೂತರೆ ಎಳೆಯಲು ಇನ್ನೊಬ್ಬರು ಬೇಕು. ಆ ಗಿಡಗಳಿಗೆ ರಕ್ಷಣೆಯೂ ಇದೆ.

ಎತ್ತರದ ಕಟ್ಟಡದಲ್ಲಿರುವವರಿಗೆ ಒಂದು ಮಾತು. ಹದ್ದು, ಗರುಡಗಳನ್ನು ಕಣ್ಣಿನ ಮಟ್ಟದಲ್ಲಿ ತೆಗೆಯಲು ಬೇರೆ ಊರಿನವರು ಬೆಟ್ಟ ಹತ್ತುತ್ತಾರೆ. ನೀವು 15ನೇ ಮಾಳಿಗೆಯ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತರೆ ಸಾಕು, ಹದ್ದಿನ ಬೆನ್ನೇ ಕಾಣುತ್ತದೆ. ಖಾಲಿ ಆಕಾಶದ ಬದಲು ಹಿನ್ನೆಲೆಗೆ ಮರಗಳ ತಲೆ ಸಿಗುತ್ತದೆ.

ಹಿನ್ನೆಲೆಯಲ್ಲಿ ಊರೇ ಬಂದರೆ? ಬರಲಿ. ಖಾಡಿಯ ಸುತ್ತ ಕಟ್ಟಡ, ಕಾರ್ಖಾನೆ ಚಿಮಣಿ, ಶಿವಡಿಯಿಂದ ಹೊರಡುವ ಅಟಲ್ ಸೇತು ಎಲ್ಲ ಇವೆ. ನನ್ನ ಮಟ್ಟಿಗೆ ನಿಯಮ ಒಂದೇ: ಊರು ಪೂರ್ತಿ ಬೇಕು, ಇಲ್ಲವೇ ಪೂರ್ತಿ ಬೇಡ. ಸೀವುಡ್ಸಿನ ಎತ್ತರದ ಕಟ್ಟಡಗಳ ಸಾಲಿನ ಮುಂದೆ ಗುಲಾಬಿ ಗುಂಪು ನಿಂತಿದೆ ಅಂದರೆ ಅದು ಮುಂಬೈಯ ಚಿತ್ರ, ಬೇರೆಲ್ಲೂ ಸಿಗುವುದಲ್ಲ. ಜೂಮ್ ಕಡಿಮೆ ಮಾಡಿ, ಕಟ್ಟಡದ ತುದಿ ಕೊಯ್ಯದೆ ಇಡೀ ಸಾಲು ಹಿಡಿಯಿರಿ. ಕಾಡಿನ ಹಕ್ಕಿ ಥರ ತೋರಿಸಲು ಹೋಗಿ ಮೂಲೆಯಲ್ಲಿ ಅರ್ಧ ಕ್ರೇನ್ ಉಳಿಸಿದರೆ ಎರಡೂ ಕೆಟ್ಟಿತು.

ಕಣ್ಣು, ಕತ್ತು, ಜಾಗ

ಫೋಕಸ್ ಯಾವಾಗಲೂ ಕಣ್ಣಿನ ಮೇಲೆ. ಹೊಸ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ. ಹಳೆಯದಾದರೆ ಒಂದೇ ಫೋಕಸ್ ಚುಕ್ಕೆ ಆರಿಸಿ, ಫೋಕಸ್ ಬಿಡದೆ ಹಿಂಬಾಲಿಸುವ ಮೋಡಿನಲ್ಲಿಡಿ. ಕಣ್ಣಿನಲ್ಲಿ ಬೆಳಕಿನ ಸಣ್ಣ ಚುಕ್ಕೆ ಹೊಳೆಯಬೇಕು. ಅದಿಲ್ಲದ ಹಕ್ಕಿ ಎಷ್ಟೇ ಚೂಪಾಗಿದ್ದರೂ ಜೀವ ಇಲ್ಲದಂತೆ ಕಾಣುತ್ತದೆ. ಆ ಚುಕ್ಕೆ ಬರುವುದು ತಲೆ ಒಂದು ಚೂರು ಬೆಳಕಿನ ಕಡೆ, ನಿಮ್ಮ ಕಡೆ ತಿರುಗಿದಾಗ. ಹಕ್ಕಿ ಕೂತೇ ಇದೆ ಅಂತ ಒಂದೇ ಸಮ ಬಟನ್ ಒತ್ತಬೇಡಿ. ಬೆರಳು ಅರ್ಧ ಒತ್ತಿ ಕಾಯಿರಿ. ಕತ್ತು ತಿರುಗಿಸುತ್ತದೆ, ಆಗ ನಾಲ್ಕೈದು ಹೊಡೆಯಿರಿ.

ಹಕ್ಕಿ ನೋಡುವ ಕಡೆ ಜಾಗ ಬಿಡುವುದು ಗೊತ್ತಿರುವ ಮಾತು. ಗುಂಪಿನ ಫೋಟೊದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಮುಂಬೈಯಲ್ಲಿ ನಿಮಗೆ ಸಿಗುವುದೇ ಗುಂಪು. ಸಾವಿರಾರು ಫ್ಲೆಮಿಂಗೊ ಕಂಡಾಗ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತುಂಬುವ ಆಸೆಯಾಗುತ್ತದೆ. ಅಂಥ ಫೋಟೊದಲ್ಲಿ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಗುಂಪಿನ ಅಂಚು ಹುಡುಕಿ. ಅಲ್ಲಿ ಮೂರೋ ಐದೋ ಹಕ್ಕಿ ಸ್ವಲ್ಪ ಬಿಡಿಯಾಗಿ ಮೇಯುತ್ತಿರುತ್ತವೆ. ಕತ್ತುಗಳು ಒಂದರ ಮೇಲೊಂದು ಬೀಳದೆ, ನಡುವೆ ನೀರು ಕಾಣುವ ಕ್ಷಣಕ್ಕೆ ಕಾಯಿರಿ. ಮೇಯುವಾಗ ಕೊಕ್ಕು ತಲೆಕೆಳಗಾಗಿ ನೀರಿನಲ್ಲಿರುತ್ತದೆ, ತಲೆ ಇಲ್ಲದ ಹಕ್ಕಿಗಳ ಸಾಲು ಬರುತ್ತದೆ. ಒಂದಾದರೂ ತಲೆ ಎತ್ತಿರಲಿ. ಬೇಸಿಗೆ ಹತ್ತಿರವಾದಂತೆ ಕೆಲವೊಮ್ಮೆ ಒಂದು ಗುಂಪು ಕತ್ತು ನೆಟ್ಟಗೆ ಮಾಡಿ, ಒಟ್ಟಿಗೆ ಚುರುಕಾಗಿ ಹೆಜ್ಜೆ ಹಾಕುತ್ತದೆ. ಅದು ಕಂಡರೆ ಅಡ್ಡ ಚೌಕಟ್ಟಿನಲ್ಲಿ ಕಾಲಿನಿಂದ ಕೊಕ್ಕಿನ ತನಕ ಹಿಡಿಯಿರಿ. ನೀರು ನಿಂತಿದ್ದರೆ ಪ್ರತಿಬಿಂಬವೂ ಪೂರ್ತಿ ಬರಲಿ. ಕಾಲು ಕೊಯ್ಯಬೇಡಿ, ಪ್ರತಿಬಿಂಬದ ತಲೆಯನ್ನೂ ಕೊಯ್ಯಬೇಡಿ.

ಹಾರುವ ಹಕ್ಕಿಗೆ ಮಾತ್ರ ಚೌಕಟ್ಟು ಸಡಿಲ ಇಡಿ. ಬಿಗಿಯಾಗಿ ಹಿಡಿಯಲು ಹೋದರೆ ರೆಕ್ಕೆಯ ತುದಿ ಹೋಗುತ್ತದೆ. ಅಭ್ಯಾಸಕ್ಕೆ ಗೇಟ್‌ವೇಯಿಂದ ಮಾಂಡ್ವಾ, ಎಲಿಫೆಂಟಾ ಕಡೆ ಹೋಗುವ ದೋಣಿ ಒಳ್ಳೆಯದು. ಚಳಿಗಾಲದಲ್ಲಿ ಕಡಲಕ್ಕಿಗಳು ಪಕ್ಕದಲ್ಲೇ ತೇಲುತ್ತಾ ಬರುತ್ತವೆ. ಜನ ಗಾಠಿಯಾ (ಕಡಲೆ ಹಿಟ್ಟಿನ ಕರಿದ ತಿಂಡಿ), ಚಿಪ್ಸ್ ಎಸೆಯುತ್ತಾರೆ. ನೀವು ಎಸೆಯಬೇಡಿ. ಎಣ್ಣೆ ಉಪ್ಪಿನ ತಿಂಡಿ ಹಕ್ಕಿಗೆ ಆಗದು. ಜತೆಗೆ ಕೊಕ್ಕಿನಲ್ಲಿ ಗಾಠಿಯಾ ಹಿಡಿದ ಕಡಲಕ್ಕಿಯ ಫೋಟೊ ಯಾರಿಗೆ ಬೇಕು ಹೇಳಿ.

ಬಿಳಿ ಹಕ್ಕಿ, ಕರಿ ಹಕ್ಕಿ

ಶಟರ್ ವೇಗದಲ್ಲಿ ಜಾಸ್ತಿ ಹೇಳುವುದಿಲ್ಲ. ಕೂತ ಹಕ್ಕಿಗೆ ಸೆಕೆಂಡಿನ 1/500ರಿಂದ 1/800, ನಡೆಯುವುದಕ್ಕೆ 1/1000, ಹಾರುವುದಕ್ಕೆ 1/2000, ಸೂರಕ್ಕಿಯಂಥ ಚುರುಕಿನ ಪುಟಾಣಿಗೆ 1/3200. ಲೆನ್ಸ್ ಬಾಯಿ ಪೂರ್ತಿ ತೆರೆದು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ ಇಡಿ. ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಬಂದ ಫೋಟೊವನ್ನು ಉಳಿಸಬಹುದು, ಅಲುಗಾಡಿದ್ದನ್ನು ಉಳಿಸಲಾಗದು.

ಬೆಳಕಿನ ಲೆಕ್ಕ ಮಾತ್ರ ಕಲಿಯಲೇಬೇಕು. ಕ್ಯಾಮೆರಾ ತನ್ನ ಮುಂದಿರುವುದೆಲ್ಲ ನಡುಬೂದು ಅಂದುಕೊಂಡು ಅಳೆಯುತ್ತದೆ. ಹಾಗಾಗಿ ಅದು ಎಡವುವುದು ಬೆಳ್ಳಕ್ಕಿಯಲ್ಲಿ ಮತ್ತು ಕಾಗೆಯಲ್ಲಿ. ಚೌಕಟ್ಟು ತುಂಬಾ ಬೆಳ್ಳಕ್ಕಿಯೇ ಇದ್ದರೆ ಕ್ಯಾಮೆರಾ ಬಿಳಿಯನ್ನು ಬೂದು ಮಾಡುತ್ತದೆ, ನೀವು ಎಕ್ಸ್‌ಪೋಷರ್ ಕಾಂಪೆನ್ಸೇಶನ್ನಿನಲ್ಲಿ ಪ್ಲಸ್ ಕೊಡಬೇಕು, ಅಂದರೆ ಬೆಳಕು ಏರಿಸಬೇಕು. ಅದೇ ಬೆಳ್ಳಕ್ಕಿ ಚಿಕ್ಕದಾಗಿದ್ದು ಸುತ್ತ ಕಡು ಹಸಿರು ಕಾಂಡ್ಲಾ ಇದ್ದರೆ? ಆಗ ಕ್ಯಾಮೆರಾ ಕಾಂಡ್ಲಾವನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಟ್ಟುಬಿಡುತ್ತದೆ. ಮೈನಸ್ ಕೊಡಬೇಕು, ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ದುಪ್ಪಟ್ಟು, ಇಳಿಸಿದರೆ ಅರ್ಧ). ಹಕ್ಕಿ ಒಂದೇ, ಲೆಕ್ಕ ಉಲ್ಟಾ. ಅಳೆಯುತ್ತಿರುವುದು ಹಕ್ಕಿಯನ್ನಲ್ಲ, ಚೌಕಟ್ಟಿನ ಬಹುಭಾಗವನ್ನು. ಮಬ್ಬು ಬಿಳಿ ಆಕಾಶದಲ್ಲಿ ಹಾರುವ ಹದ್ದಿಗೆ ಒಂದರಿಂದ ಎರಡು ಸ್ಟಾಪ್ ಪ್ಲಸ್ ಬೇಕಾಗುತ್ತದೆ. ಇಲ್ಲದಿದ್ದರೆ ಬರುವುದು ಹದ್ದಿನ ಆಕಾರದ ಕಪ್ಪು ಕಾಗದ. ಕಾಗೆ ಚೌಕಟ್ಟು ತುಂಬಿದ್ದರೆ ಮೈನಸ್, ಆಗಲೇ ಅದು ಕರಿ ಉಳಿಯುವುದು.

ಮೆನುವಿನಲ್ಲಿ ಸುಟ್ಟ ಬಿಳಿ ಜಾಗ ಮಿನುಗುವ ಎಚ್ಚರಿಕೆ ಇರುತ್ತದೆ, ಅದನ್ನು ಆನ್ ಮಾಡಿಡಿ. ಬೆಳ್ಳಕ್ಕಿಯ ಬೆನ್ನು ಮಿನುಗಿದರೆ ಇನ್ನೂ ಮೂರನೇ ಒಂದು ಸ್ಟಾಪ್ ಇಳಿಸಿ. ಕತ್ತಲಲ್ಲಿ ಅಡಗಿದ್ದನ್ನು ಆಮೇಲೆ ಎತ್ತಬಹುದು. ಸುಟ್ಟ ಬಿಳಿಯಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ. ರಾ ಫೈಲಿನಲ್ಲೇ (ಜೆಪೆಗ್ ಅಲ್ಲ, ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ, ಸರಿಪಡಿಸಲು ಅದರಲ್ಲಿ ಅವಕಾಶ ಜಾಸ್ತಿ.

ಬೊರಿವಲಿ, ಗೋರೆಗಾಂವ್ ಕಡೆ

ಕಾಡಿನಲ್ಲಿ ಕಷ್ಟ ಬೇರೆ, ಬೆಳಕು ಕಡಿಮೆ, ಕೊಂಬೆ ಜಾಸ್ತಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲೂ, ಅದಕ್ಕೆ ಅಂಟಿಕೊಂಡೇ ಗೋರೆಗಾಂವಿನಲ್ಲಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕೇಂದ್ರದ ಸುತ್ತಲೂ ಹಕ್ಕಿಯ ಹಿಂದೆ ಓಡುವ ಬದಲು ಮರ ಆರಿಸಿಕೊಳ್ಳಿ. ಚಳಿ ಮುಗಿಯುವ ಹೊತ್ತಿಗೆ ಬೂರುಗ, ಮುತ್ತುಗ, ಹಾಲುವಾಣ ಎಲೆ ಉದುರಿಸಿ ಹೂ ಬಿಡುತ್ತವೆ. ಎಲೆ ಇಲ್ಲ ಅಂದರೆ ಅಡ್ಡಿ ಇಲ್ಲ. ಗುಲಾಬಿ ಮೈನಾ, ಕಾಜಾಣ, ಪಿಕಳಾರ, ಸೂರಕ್ಕಿ ಒಂದೇ ಮರಕ್ಕೆ ಸರದಿಯಲ್ಲಿ ಬರುತ್ತವೆ. ಮರದ ಬುಡದಲ್ಲಿ ನಿಂತು ಮೇಲೆ ನೋಡಿದರೆ ಹೊಟ್ಟೆ ಮತ್ತು ಬಿಳಿ ಆಕಾಶ ಬರುತ್ತದೆ. ಸ್ವಲ್ಪ ದೂರ, ಆದಷ್ಟು ಎತ್ತರದ ದಿಣ್ಣೆ ನೋಡಿ ನಿಲ್ಲಿ.

ಮಹಾರಾಷ್ಟ್ರದ ರಾಜ್ಯ ಪಕ್ಷಿ ಹಳದಿ ಕಾಲಿನ ಹಸಿರು ಪಾರಿವಾಳ. ಆಲ, ಅತ್ತಿ ಮರದೊಳಗೆ ಹೊಕ್ಕರೆ ಹಸಿರಿನಲ್ಲಿ ಹಸಿರು, ಕಣ್ಣಿಗೇ ಕಾಣದು. ಆದರೆ ಬೆಳಗಿನ ಮೊದಲ ಬಿಸಿಲಿಗೆ ಬೋಳು ಮರದ ತುದಿಯಲ್ಲಿ ಸಾಲಾಗಿ ಕೂತು ಮೈ ಕಾಯಿಸುತ್ತವೆ. ಅದೊಂದೇ ಹೊತ್ತು.

ಗೂಡಿನ ಫೋಟೊ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಮಳೆಗಾಲದ ಮೊದಲು ಗೂಡು ಕಟ್ಟುವ ಹೊತ್ತಿನಲ್ಲಿ ಅದು ಹಕ್ಕಿಗೆ ದೊಡ್ಡ ಕಾಟ.

ಮನೆಗೆ ಬಂದ ಮೇಲೆ

ಒಂದೇ ಫೋಟೊ ಇಟ್ಟುಕೊಂಡು ನೋಡೋಣ. ಬಿಳಿ ಎದೆಯ ಮಿಂಚುಳ್ಳಿ, ಒಣಕೊಂಬೆ ಮೇಲೆ, ಮುಖ ಬಲಕ್ಕೆ. ಮರದ ನೆರಳಿನಲ್ಲಿ ತೆಗೆದದ್ದು, ಐಎಸ್ಒ 3200. ಹಕ್ಕಿ ನಟ್ಟನಡುವೆ ಇದೆ, ಹಿಂದಿನ ನೀರಿನ ಗೆರೆ ವಾಲಿದೆ, ಎಡ ಅಂಚಿನಲ್ಲಿ ಚೀಲವೊಂದು ಹೊಳೆಯುತ್ತಿದೆ, ಒಟ್ಟಾರೆ ನೀಲಿ ಛಾಯೆ. ಫೋಟೊ ತಿದ್ದಲು ಲೈಟ್‌ರೂಮ್ ಇದ್ದರೆ ಸರಿ. ದುಡ್ಡು ಬೇಡ ಅಂದರೆ ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್, ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಉಚಿತ.

ಮೊದಲ ಕೆಲಸ ಆರಿಸುವುದು. ಒಂದೇ ಸರಣಿಯ ಎಲ್ಲ ಫೋಟೊಗಳನ್ನೂ 100 ಶೇಕಡಕ್ಕೆ ದೊಡ್ಡದು ಮಾಡಿ ಕಣ್ಣು ನೋಡಿ. ಕಣ್ಣು ಮಸುಕಾದದ್ದು ಡಿಲೀಟ್. ಉಳಿದವುಗಳಲ್ಲಿ ತಲೆ ನಿಮ್ಮ ಕಡೆ ತಿರುಗಿದ್ದು ಒಂದು ಇಟ್ಟುಕೊಳ್ಳಿ. ಇಲ್ಲಿ ದಾಕ್ಷಿಣ್ಯ ಬೇಡ.

ಆಮೇಲೆ ನೀರಿನ ಗೆರೆ ನೇರ ಮಾಡಿ. ಈಗ ಕ್ರಾಪ್. ಮಿಂಚುಳ್ಳಿ ಬಲಕ್ಕೆ ನೋಡುತ್ತಿರುವುದರಿಂದ ಎಡದಿಂದ ಕತ್ತರಿಸಿ. ಹಕ್ಕಿ ತಾನಾಗಿ ಎಡ ಮೂರನೇ ಭಾಗಕ್ಕೆ ಬರುತ್ತದೆ, ಚೀಲವೂ ಹೊರಗೆ ಹೋಗುತ್ತದೆ. ಕೊಂಬೆ ಚೌಕಟ್ಟಿನ ಮೂಲೆಯಿಂದ ಒಳಬರುವಂತಿದ್ದರೆ ಚಂದ. ಎಷ್ಟು ಕ್ರಾಪ್ ಮಾಡಬಹುದು? ಲೆಕ್ಕ ಹಾಕಿ. 24 ಮೆಗಾಪಿಕ್ಸೆಲ್ ಅಂದರೆ 6000 ಚುಕ್ಕೆ ಅಡ್ಡ, 4000 ಚುಕ್ಕೆ ಉದ್ದ. ಎರಡೂ ಕಡೆ ಅರ್ಧ ಮಾಡಿದರೆ 3000, 2000. ಅಂದರೆ 6 ಮೆಗಾಪಿಕ್ಸೆಲ್, ನಾಲ್ಕನೇ ಒಂದು ಭಾಗ. ಇಂಚಿಗೆ 250 ಚುಕ್ಕೆಯಂತೆ 12 ಇಂಚು ಅಡ್ಡ, 8 ಇಂಚು ಉದ್ದದ ಪ್ರಿಂಟಿಗೆ ಇಷ್ಟು ಸಾಕು. ಅದಕ್ಕಿಂತ ಜಾಸ್ತಿ ಕ್ರಾಪ್ ಬೇಕಾಗಿದೆ ಅಂದರೆ ಹಕ್ಕಿ ದೂರ ಇತ್ತು ಅಂತಲೇ ಅರ್ಥ.

ಬಣ್ಣಕ್ಕೆ ಹಕ್ಕಿಯ ಎದೆಯೇ ಅಳತೆಗೋಲು. ನೆರಳಿನಲ್ಲಿ ಬಿಳಿ ನೀಲಿಯಾಗಿ ಬಂದಿರುತ್ತದೆ. ವೈಟ್ ಬ್ಯಾಲೆನ್ಸ್ ಹಳದಿ ಕಡೆ ನಿಧಾನ ಸರಿಸಿ, ಎದೆ ಬಿಳಿ ಅನಿಸಿದಲ್ಲಿ ನಿಲ್ಲಿಸಿ. ಎದೆ ಸರಿಯಾದರೆ ಕಂದು ತಲೆ, ಕೆಂಪು ಕೊಕ್ಕು ತಾವೇ ಸರಿಯಾಗುತ್ತವೆ. ಬಳಿಕ ಒಟ್ಟು ಬೆಳಕು ಅರ್ಧ ಸ್ಟಾಪ್ ಏರಿಸಿ, ಹೈಲೈಟ್ ಇಳಿಸಿ. ಎದೆಯ ಪುಕ್ಕದ ಗೆರೆಗಳು ಮತ್ತೆ ಕಾಣಬೇಕು. ಹೊಟ್ಟೆಯ ಕಂದು ತೀರಾ ಕಪ್ಪಾಗಿದ್ದರೆ ಶ್ಯಾಡೋ ಸ್ವಲ್ಪ ಎತ್ತಿ.

ನಾಯ್ಸ್ ತೆಗೆಯುವುದು ಹಿನ್ನೆಲೆಯಲ್ಲಿ ಜಾಸ್ತಿ, ಹಕ್ಕಿಯ ಮೇಲೆ ಕಡಿಮೆ. ಶಾರ್ಪನಿಂಗ್ ಅದಕ್ಕೆ ಉಲ್ಟಾ, ಹಕ್ಕಿಗೆ ಮಾತ್ರ. ಮಾಸ್ಕ್ ಹಾಕಿ, ಅಂದರೆ ಬೇಕಾದ ಭಾಗವನ್ನಷ್ಟೇ ಆರಿಸಿ ಮಾಡಿ. ಇಡೀ ಫೋಟೊಕ್ಕೆ ಎಳೆದರೆ ಮಸುಕು ಹಿನ್ನೆಲೆಯಲ್ಲಿ ಕಾಳುಕಾಳು ಏಳುತ್ತದೆ, ಪುಕ್ಕ ತೆಂಗಿನ ನಾರಿನಂತಾಗುತ್ತದೆ. ಕೊನೆಗೆ ಅಂಚುಗಳನ್ನು ನೋಡಿ. ಹಕ್ಕಿಗಿಂತ ಜಾಸ್ತಿ ಹೊಳೆಯುವ ಎಲೆ, ನೀರಿನ ಮಿಂಚು ಏನಾದರೂ ಇದ್ದರೆ ಅಷ್ಟಕ್ಕೆ ಮಾತ್ರ ಬೆಳಕು ತಗ್ಗಿಸಿ. ಕಣ್ಣಿಗೆ ಒಂದು ಚೂರು ಬೆಳಕು ಕೊಡಬಹುದು. ಇಲ್ಲದ ಹೊಳಪನ್ನು ಬರೆಯಬಾರದು. ಸ್ಪರ್ಧೆಗೆ ಕಳಿಸುವುದಾದರೆ ಏನನ್ನೂ ಅಳಿಸಬೇಡಿ, ಸೇರಿಸಬೇಡಿ. ವನ್ಯಜೀವಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಒಪ್ಪುವುದಿಲ್ಲ.

ಮುಂಬೈಯ ಚಳಿಗಾಲದ ಹೊಗೆಮಂಜಿಗೆ ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ ಉಪಯೋಗಕ್ಕೆ ಬರುತ್ತದೆ. 10, 15 ಸಾಕು. ಅದಕ್ಕಿಂತ ಮೇಲೆ ಹೋದರೆ ಆಕಾಶ ಕೊಳೆಯಾಗುತ್ತದೆ, ಹಕ್ಕಿಯ ಸುತ್ತ ಬೆಳಕಿನ ಬಳೆ ಬರುತ್ತದೆ.

ಇನ್ನು ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ. ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡ ಫ್ಲೆಮಿಂಗೊ ಒಂದರ ಫೋಟೊ ಹಾಕಿದ್ದಕ್ಕೆ ಊರಿನಿಂದ ಚಿಕ್ಕಮ್ಮನ ಉತ್ತರ ಬಂತು: ‘ಫ್ಲೆಮಿಂಗೊ ಅಂದ್ರೆ ಪಿಂಕ್ ಇರ್ಬೇಕಲ್ವಾ ಮಗ? ಇದು ಬೆಳ್ಳಗಿದೆ.’ ಬೆಳ್ಳಗೇ ಇರುತ್ತದೆ ಚಿಕ್ಕಮ್ಮ. ಮುಂಬೈಗೆ ಬರುವುದು ಎರಡು ಜಾತಿ. ದೊಡ್ಡದು ಹೆಚ್ಚುಕಡಿಮೆ ಬಿಳಿ, ಕೊಕ್ಕು ಗುಲಾಬಿ, ಅದರ ತುದಿ ಕಪ್ಪು. ಚಿಕ್ಕದಕ್ಕೆ ಮೈ ಬಣ್ಣ ಗಾಢ, ಕೊಕ್ಕು ಕಡುಗೆಂಪು. ಎರಡಕ್ಕೂ ಬಣ್ಣ ಬರುವುದು ತಿನ್ನುವ ಪಾಚಿ, ಸೀಗಡಿಯಂಥ ಸಣ್ಣ ಜೀವಿಗಳಿಂದ. ಮರಿಗಳಂತೂ ಬೂದು. ಸ್ಲೈಡರ್ ಎಳೆದು ಎಲ್ಲವನ್ನೂ ಗುಲಾಬಿ ಮಾಡಿದರೆ ಯಾವ ಜಾತಿ, ಎಷ್ಟು ಪ್ರಾಯ ಅಂತ ಗುರುತಿಸುವ ಗುರುತೇ ಹೋಯಿತು. ಬಣ್ಣ ಬೇಕೆಂದರೆ ಸಂಜೆ ಬೆಳಕಿನಲ್ಲಿ ತೆಗೆಯಿರಿ, ರೆಕ್ಕೆ ಬಿಚ್ಚಿದಾಗ ತೆಗೆಯಿರಿ. ಒಳಗಿನ ಕೆಂಪು ಆಗಲೇ ಕಾಣುವುದು.

ಎಲ್ಲ ಮುಗಿದ ಮೇಲೆ ಫೈಲ್ ಮುಚ್ಚಿ, ಮರುದಿನ ತೆರೆದು ನೋಡಿ. ರಾತ್ರಿ ಚಂದ ಕಂಡ ಮಿಂಚುಳ್ಳಿಯ ನೀಲಿ ಬೆಳಗ್ಗೆ ಟ್ಯೂಬ್‌ಲೈಟ್ ಥರ ಕಂಡರೆ ಅರ್ಧಕ್ಕೆ ಇಳಿಸಿ.

ಕಳಿಸುವಾಗ, ಪ್ರಿಂಟ್ ಹಾಕಿಸುವಾಗ

ವಾಟ್ಸಾಪ್ ಫೋಟೊವನ್ನು ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಎಚ್‌ಡಿ ಆಯ್ಕೆ ಒತ್ತಿ. ಗೂಬೆಯಂಥ ಹಕ್ಕಿಯ ಫೋಟೊ ಹಂಚುವಾಗ ಜಾಗದ ಹೆಸರು ಹಾಕಬೇಡಿ, ಫೈಲಿನೊಳಗಿನ ಲೊಕೇಶನ್ ಮಾಹಿತಿಯನ್ನೂ ತೆಗೆಯಿರಿ. ಮರುದಿನವೇ ಅದರ ಮರದ ಕೆಳಗೆ ಜನ ಸೇರುತ್ತಾರೆ.

ಪ್ರಿಂಟ್ ಸಾಮಾನ್ಯವಾಗಿ ಪರದೆಗಿಂತ ಕಪ್ಪಾಗಿ ಬರುತ್ತದೆ. ಪರದೆಯ ಬೆಳಕು ಅರ್ಧಕ್ಕೆ ಇಳಿಸಿ ನೋಡಿ, ಕಪ್ಪಾಗಿ ಕಂಡರೆ ಪ್ರಿಂಟಿಗೆಂದು ಒಂದು ಬೇರೆ ಪ್ರತಿ ಮಾಡಿ ಸ್ವಲ್ಪ ಬೆಳಗಿಸಿ. ದೊಡ್ಡದಕ್ಕೆ ದುಡ್ಡು ಹಾಕುವ ಮೊದಲು ಅದೇ ಫೈಲಿನ 4x6 ಪ್ರಿಂಟ್ ಒಂದು ತೆಗೆಸಿ, ಹಗಲು ಬೆಳಕಿಗೆ ಹಿಡಿದು ನೋಡಿ. ಕಾಗದ ಮ್ಯಾಟ್ ಇರಲಿ. ಹೊಳೆಯುವ ಕಾಗದದಲ್ಲಿ, ಎದುರು ಕಿಟಕಿ ಇರುವ ಗೋಡೆಯ ಮೇಲೆ ಹಾಕಿದರೆ, ಮಿಂಚುಳ್ಳಿಗಿಂತ ಕಿಟಕಿಯೇ ಜಾಸ್ತಿ ಕಾಣುತ್ತದೆ.